ಕಣ್ಣೀರು ಕಾಣುವ ಯಂತ್ರಕ್ಕೆ ಕಾರಣ ತಿಳಿದೀತೆ?

2024ರ ಡಿಸೆಂಬರಿನಲ್ಲಿ ಅಮೆರಿಕದ ಅನೇಕ ತಂದೆತಾಯಿಗಳಿಗೆ ಹಿಂದಿನ ಯಾವ ತಲೆಮಾರಿಗೂ ಎದುರಾಗದಿದ್ದ ಕೆಲಸವೊಂದು ಬಂದೊದಗಿತು. ಮನೆಯಲ್ಲಿದ್ದ ಪುಟ್ಟ ಗೆಳೆಯ ಸದ್ಯದಲ್ಲೇ ಮಾತು ನಿಲ್ಲಿಸಲಿದ್ದಾನೆ ಎಂಬುದನ್ನು ಅವರು ತಮ್ಮ ಮಕ್ಕಳಿಗೆ ತಿಳಿಯಹೇಳಬೇಕಿತ್ತು. ಆ ಗೆಳೆಯನ ಹೆಸರು ಮಾಕ್ಸಿ. ಎಂಬಾಡೀಡ್ ಎಂಬ ಕಂಪನಿ 5ರಿಂದ 10 ವರ್ಷದ ಮಕ್ಕಳಿಗೆಂದು ರೂಪಿಸಿ, 799 ಡಾಲರಿಗೆ ಮಾರುತ್ತಿದ್ದ ರೋಬಾಟ್ ಅದು. ಮಗುವಿನ ಮುಖ ನೋಡಿ, ದನಿ ಕೇಳಿ ಅದರ ಮನಸ್ಥಿತಿಯನ್ನು ಊಹಿಸುವುದು, ಸಿಟ್ಟು ದುಃಖಗಳನ್ನು ಮಾತಿನಲ್ಲಿ ಹೇಳಿಕೊಳ್ಳಲು ಕಲಿಸುವುದು ಅದರ ಕೆಲಸವಾಗಿತ್ತು. ಬಂಡವಾಳ ಕೈಕೊಟ್ಟಾಗ ಕಂಪನಿ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಮಾಕ್ಸಿಯ ದೇಹ ಮಗುವಿನ ಕೋಣೆಯಲ್ಲಿತ್ತಾದರೂ ಅದರ ಬುದ್ಧಿ ಇದ್ದದ್ದು ದೂರದ ಸರ್ವರ್‌ಗಳಲ್ಲಿ. ಸರ್ವರ್ ನಿಂತರೆ ಗೆಳೆಯನೂ ನಿಂತಂತೆಯೇ. ಈ ಸಂಗತಿಯನ್ನು ಮಕ್ಕಳಿಗೆ ವಿವರಿಸಲು ನೆರವಾಗಲೆಂದು ಕಂಪನಿ ಪೋಷಕರಿಗೆ ಒಂದು ಪತ್ರವನ್ನೂ ಸಿದ್ಧಪಡಿಸಿ ಕೊಟ್ಟಿತು.

ವ್ಯಾಪಾರದಲ್ಲಿ ಏಳುಬೀಳು ಹೊಸದಲ್ಲ. ಆದರೆ ಮಿಕ್ಸಿ ತಯಾರಿಸುವ ಕಂಪನಿ ಮುಚ್ಚಿದರೆ ಗ್ರಾಹಕನಿಗೆ ಆಗುವುದು ಹಣದ ನಷ್ಟ. ಭಾವನೆಯನ್ನು ಗುರುತಿಸುತ್ತೇನೆ ಎಂದು ಹೇಳಿಕೊಂಡು ಮನೆಯೊಳಗೆ ಬಂದ ಯಂತ್ರ ಮೂಕವಾದಾಗ ಆಗುವ ನಷ್ಟ ಬೇರೆಯದು. ಅದಕ್ಕೆ ರಸೀದಿ ಇಲ್ಲ, ಪರಿಹಾರವೂ ಇಲ್ಲ. ಒಂಟಿ ವೃದ್ಧರಿಗೆ, ಮರೆವಿನ ರೋಗಿಗಳಿಗೆ, ಮಕ್ಕಳಿಗೆ ಒಡನಾಡಿಯಾಗಬಲ್ಲ ರೋಬಾಟ್‌ಗಳನ್ನು ರೂಪಿಸುವ ಕಾರ್ಯ ಇಂದು ಜಪಾನ್, ಅಮೆರಿಕ, ದಕ್ಷಿಣ ಕೊರಿಯಾಗಳಲ್ಲಿ ಭರದಿಂದ ಸಾಗಿದೆ. ಈ ಯಂತ್ರಗಳು ನಮ್ಮ ಭಾವನೆಯನ್ನು ಎಷ್ಟು ನಿಖರವಾಗಿ ಓದಬಲ್ಲವು ಎಂಬ ಪ್ರಶ್ನೆಯ ಸುತ್ತಲೇ ಹೆಚ್ಚಿನ ಚರ್ಚೆ ನಡೆಯುತ್ತಿದೆ. ಆದರೆ ಕೇಳಬೇಕಾದ ಪ್ರಶ್ನೆ ಅದೊಂದೇ ಅಲ್ಲ. ಓದಿದ ಮೇಲೆ ಯಂತ್ರ ಏನು ಮಾಡುತ್ತದೆ, ಯಾರ ಹಿತಕ್ಕಾಗಿ ಮಾಡುತ್ತದೆ, ಮತ್ತು ತನ್ನ ಬಗ್ಗೆ ಎಷ್ಟು ಪ್ರಾಮಾಣಿಕವಾಗಿರುತ್ತದೆ ಎಂಬುದು ಅದಕ್ಕಿಂತ ಮುಖ್ಯ.

ಈ ಕಥೆಯ ಬೇರು ಅರವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ (ಎಂಐಟಿ) ಜೋಸೆಫ್ ವೈಜನ್‌ಬಾಮ್ 1966ರಲ್ಲಿ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಪ್ರಕಟಿಸಿದರು. ಮನೋಚಿಕಿತ್ಸಕನ ಧಾಟಿಯಲ್ಲಿ, ಎದುರಿನವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿಸುವುದಷ್ಟೇ ಅದರ ಚಮತ್ಕಾರ. ಆದರೂ ಅದರ ಒಳಗುಟ್ಟನ್ನು ಬಲ್ಲ ಅವರ ಕಾರ್ಯದರ್ಶಿಯೇ, ಅದರೊಡನೆ ‘ಮಾತಿಗೆ’ ಕುಳಿತಾಗ, ಸ್ವಲ್ಪ ಹೊತ್ತು ಹೊರಗಿರುವಂತೆ ವೈಜನ್‌ಬಾಮ್ ಅವರನ್ನು ಕೇಳಿಕೊಂಡರಂತೆ. ಈ ಅನುಭವ ಅವರನ್ನು ಎಷ್ಟು ಕಲಕಿತೆಂದರೆ, 1976ರಲ್ಲಿ ಅವರು ಬರೆದ ಪುಸ್ತಕ ತಮ್ಮದೇ ಕ್ಷೇತ್ರದ ಉತ್ಸಾಹಕ್ಕೆ ಎಚ್ಚರಿಕೆಯ ಮಾತಾಯಿತು. ಯಂತ್ರಕ್ಕೆ ಭಾವನೆ ಇರಬೇಕಾದ ಅಗತ್ಯವೇ ಇಲ್ಲ. ಕೇಳಿಸಿಕೊಳ್ಳುವಂತೆ ತೋರಿದರೆ ಸಾಕು, ಉಳಿದುದನ್ನು ಮನುಷ್ಯನ ಮನಸ್ಸೇ ತುಂಬಿಕೊಳ್ಳುತ್ತದೆ. ಒಡನಾಡಿ ರೋಬಾಟ್‌ಗಳ ಇಡೀ ಉದ್ಯಮ ನಿಂತಿರುವುದು ಮನುಷ್ಯಸ್ವಭಾವದ ಈ ಔದಾರ್ಯದ ಮೇಲೆ.

ಯಂತ್ರಗಳು ನಿಜಕ್ಕೂ ಭಾವನೆಯನ್ನು ಗುರುತಿಸಬೇಕು ಎಂಬ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರು ಅದೇ ಸಂಸ್ಥೆಯ ರೋಸಲಿಂಡ್ ಪಿಕಾರ್ಡ್. 1997ರಲ್ಲಿ ಬಂದ ಅವರ ಪುಸ್ತಕದಿಂದ ಇದೊಂದು ಪ್ರತ್ಯೇಕ ಸಂಶೋಧನಾ ಕ್ಷೇತ್ರವಾಗಿ ಬೆಳೆಯಿತು. ಅದೇ ವೇಳೆಗೆ ಸಿಂಥಿಯಾ ಬ್ರೆಜೀಲ್ ಅಲ್ಲಿಯೇ ‘ಕಿಸ್ಮೆಟ್’ ಎಂಬ ರೋಬಾಟ್ ತಲೆಯೊಂದನ್ನು ನಿರ್ಮಿಸಿದರು. ದೊಡ್ಡ ಕಣ್ಣು, ಅಲುಗುವ ಕಿವಿ, ಕೆಂಪು ತುಟಿಗಳ ಈ ತಲೆ ಮಾತಿನ ಅರ್ಥವನ್ನು ಗ್ರಹಿಸುತ್ತಿರಲಿಲ್ಲ. ದನಿಯ ಏರಿಳಿತದಿಂದ ಅದು ಹೊಗಳಿಕೆಯೋ, ಗದರಿಕೆಯೋ, ಕರೆಯೋ, ಸಾಂತ್ವನವೋ ಎಂದು ವಿಂಗಡಿಸುತ್ತಿತ್ತು. ಗದರಿದರೆ ತಲೆ ತಗ್ಗಿಸುತ್ತಿತ್ತು. ಎಳೆಗೂಸಿನೊಂದಿಗೆ ತಾಯಿ ಆಡುವ ಮಾತಿನ ಲಯವೇ ಈ ವಿನ್ಯಾಸಕ್ಕೆ ಆಧಾರವಾಗಿತ್ತೆಂಬುದು ಗಮನಾರ್ಹ.

ಇಂದಿನ ಯಂತ್ರಗಳ ವಿಧಾನ ಇನ್ನೂ ವಿಸ್ತಾರವಾದುದು. ಕ್ಯಾಮೆರಾ ಮುಖದ ಮೇಲೆ ಹತ್ತಾರು ಬಿಂದುಗಳನ್ನು ಗುರುತಿಸಿ, ಹುಬ್ಬು ಎಷ್ಟು ಗಂಟಿಕ್ಕಿತು, ತುಟಿಯ ಕೊನೆ ಎಷ್ಟು ಇಳಿಯಿತು ಎಂದು ಅಳೆಯುತ್ತದೆ. ಮೈಕ್ ದನಿಯ ಎತ್ತರ, ವೇಗ, ನಡುನಡುವಿನ ಮೌನಗಳನ್ನು ಲೆಕ್ಕ ಹಾಕುತ್ತದೆ. ಲಕ್ಷಾಂತರ ಚಿತ್ರ ಮತ್ತು ಧ್ವನಿಮುದ್ರಣಗಳಿಗೆ ಮನುಷ್ಯರು ಹಚ್ಚಿದ ‘ಸಂತೋಷ’, ‘ದುಃಖ’, ‘ಕೋಪ’ ಎಂಬ ಚೀಟಿಗಳಿಂದ ಕಲಿತ ಗಣಕ, ಹೊಸ ಮುಖಕ್ಕೂ ಅಂಥದೇ ಒಂದು ಚೀಟಿ ಅಂಟಿಸುತ್ತದೆ. ಇದರ ಹಿಂದಿರುವುದು ಮನೋವಿಜ್ಞಾನಿ ಪಾಲ್ ಎಕ್ಮನ್ ಅವರ ಪ್ರಸಿದ್ಧ ವಾದ: ಕೋಪ, ಭಯ, ಅಸಹ್ಯ, ದುಃಖ, ಸಂತೋಷ, ಆಶ್ಚರ್ಯ ಎಂಬ ಆರು ಮೂಲ ಭಾವಗಳಿಗೆ ಜಗತ್ತಿನಾದ್ಯಂತ ಒಂದೇ ಬಗೆಯ ಮುಖಚರ್ಯೆ ಇರುತ್ತದೆ ಎಂಬುದು.

ಈ ಬುನಾದಿಯೇ ಅಲುಗಾಡಿದೆ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಸಂಶೋಧನೆಗಳನ್ನು ಜಾಲಾಡಿ 2019ರಲ್ಲಿ ಒಂದು ದೀರ್ಘ ವಿಮರ್ಶೆ ಪ್ರಕಟಿಸಿದರು. ಮನುಷ್ಯರು ಸಿಟ್ಟಾದಾಗ ಕೆಲವೊಮ್ಮೆ ಹುಬ್ಬು ಗಂಟಿಕ್ಕುವುದು ನಿಜ. ಆದರೆ ಬಹಳಷ್ಟು ಸಲ ಹಾಗೆ ಮಾಡುವುದಿಲ್ಲ, ಮತ್ತು ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾಗಿರುವುದೂ ಇಲ್ಲ. ಲೆಕ್ಕ ಮಾಡುತ್ತಿರಬಹುದು, ಬಿಸಿಲಿಗೆ ಕಣ್ಣು ಕಿರಿದಾಗಿಸಿರಬಹುದು. ಮುಖದ ಸ್ನಾಯುಗಳನ್ನಷ್ಟೇ ನೋಡಿ ಒಳಗಿನ ಭಾವವನ್ನು ನಂಬಲರ್ಹವಾಗಿ ಹೇಳಲಾಗದು ಎಂಬುದು ಆ ವಿಮರ್ಶೆಯ ಸಾರ. ಅದಕ್ಕೂ ಮುನ್ನ, 2018ರಲ್ಲಿ, ಲಾರೆನ್ ರೂ ಎಂಬ ಸಂಶೋಧಕಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರ ಚಿತ್ರಗಳನ್ನು ಇಂಥ ತಂತ್ರಾಂಶಗಳಿಗೆ ಒಡ್ಡಿದಾಗ, ಕಪ್ಪು ವರ್ಣದ ಆಟಗಾರರ ಮುಖದಲ್ಲಿ ಅವು ಬಿಳಿಯರಿಗಿಂತ ಹೆಚ್ಚು ಕೋಪವನ್ನು ‘ಕಂಡವು’. 2022ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ತನ್ನ ಮುಖ ವಿಶ್ಲೇಷಣಾ ಸೇವೆಯಿಂದ ಭಾವನೆ ಊಹಿಸುವ ಸೌಲಭ್ಯವನ್ನೇ ಹಿಂತೆಗೆದುಕೊಂಡಿತು. ಭಾವನೆ ಎಂದರೇನು ಎಂಬ ಬಗ್ಗೆ ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು.

ನಮ್ಮ ಕಾವ್ಯಮೀಮಾಂಸೆಯ ಪರಿಚಯವಿರುವವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಾರದು. ಭರತನು ನಾಟ್ಯಶಾಸ್ತ್ರದಲ್ಲಿ 8 ಸ್ಥಾಯಿಭಾವ, 33 ವ್ಯಭಿಚಾರಿಭಾವ, 8 ಸಾತ್ತ್ವಿಕಭಾವಗಳನ್ನು ಎಣಿಸಿದ. ಭಾವದ ಹೊರಚಿಹ್ನೆಗೆ ಅನುಭಾವ ಎಂದೂ, ಅದನ್ನು ಹುಟ್ಟಿಸುವ ಕಾರಣ ಸನ್ನಿವೇಶಗಳಿಗೆ ವಿಭಾವ ಎಂದೂ ಹೆಸರಿಟ್ಟ. ಎರಡೂ ಕೂಡದೆ ರಸವಿಲ್ಲ. ಕಣ್ಣೀರಿನ ಬಗ್ಗೆ ಹೇಳುವಾಗಲಂತೂ ಅವನ ಲೋಕಾನುಭವ ಬೆರಗು ಹುಟ್ಟಿಸುತ್ತದೆ. ಶೋಕದಿಂದ ಬರುವಂತೆಯೇ ಆನಂದದಿಂದಲೂ ಕಣ್ಣೀರು ಬರುತ್ತದೆ, ಭಯದಿಂದಲೂ ಬರುತ್ತದೆ. ಹೊಗೆ, ಕಾಡಿಗೆ, ಆಕಳಿಕೆ, ಚಳಿಗಳಿಂದಲೂ ಬರುತ್ತದೆ ಎಂದು ಅವನು ಪಟ್ಟಿ ಮಾಡುತ್ತಾನೆ. ಭರತ ಹೇಳಿದ್ದು ರಂಗದ ವಿಚಾರವೇ ಹೊರತು ಮನೋವಿಜ್ಞಾನವಲ್ಲ ಎಂಬುದನ್ನು ಒಪ್ಪೋಣ. ಆದರೂ ಇಂದಿನ ರೋಬಾಟಿನ ಕೊರತೆಯನ್ನು ಹೇಳಲು ಅವನ ಪರಿಭಾಷೆಗಿಂತ ಒಳ್ಳೆಯದು ಸಿಗಲಾರದು. ಯಂತ್ರದ ಕಣ್ಣಿಗೆ ಬೀಳುವುದು ಅನುಭಾವ ಮಾತ್ರ. ವಿಭಾವ ಅದರ ಎಟುಕಿಗೆ ಮೀರಿದ್ದು. ಅಜ್ಜಿಯ ಕಣ್ಣಂಚಿನ ನೀರು ಅದಕ್ಕೆ ಕಾಣುತ್ತದೆ. ಇಂದು ತಾತನ ತಿಥಿ ಎಂಬುದಾಗಲಿ, ಈಗಷ್ಟೇ ಈರುಳ್ಳಿ ಹೆಚ್ಚಿ ಬಂದರೆಂಬುದಾಗಲಿ ಅದಕ್ಕೆ ಗೊತ್ತಿಲ್ಲ.

ಸಂಸ್ಕೃತಿ ಮತ್ತು ಭಾಷೆಯ ತೊಡಕು ಇದಕ್ಕೆ ಸೇರಿಕೊಳ್ಳುತ್ತದೆ. ಹೊರದೇಶದಲ್ಲಿರುವ ಮಗ ಫೋನ್ ಮಾಡಿದಾಗ ಧಾರವಾಡದಲ್ಲೋ ಮೈಸೂರಿನಲ್ಲೋ ಇರುವ ತಾಯಿ ‘ನನಗೇನಾಗಿದೆ, ಚೆನ್ನಾಗೇ ಇದ್ದೀನಿ, ನಿನ್ನ ಊಟ ಆಯ್ತಾ?’ ಎನ್ನುತ್ತಾಳೆ. ದನಿ ಸಮವಾಗಿದೆ, ನಗುವೂ ಇದೆ. ಯಂತ್ರದ ಪಟ್ಟಿಯಲ್ಲಿ ಅದು ‘ಸಂತೋಷ’ವೋ ‘ಸಮಸ್ಥಿತಿ’ಯೋ ಆದೀತು. ಆದರೆ ಆಕೆ ತನ್ನ ಬಗ್ಗೆ ಕೇಳಿದ್ದಕ್ಕೆ ಉತ್ತರಿಸದೆ ಊಟದ ಮಾತಿಗೆ ಹೊರಳಿದ್ದನ್ನು, ಮೊದಲಿಗಿಂತ ಬೇಗ ಫೋನ್ ಇಟ್ಟದ್ದನ್ನು ಮಗಳು ಹಿಡಿದುಬಿಡುತ್ತಾಳೆ; ಏಕೆಂದರೆ ಅವಳಿಗೆ ಮೂವತ್ತು ವರ್ಷಗಳ ಹಿನ್ನೆಲೆ ಗೊತ್ತು. ದುಃಖವನ್ನು ತೋರಗೊಡದಿರುವುದೇ ಹಿರಿತನವೆಂದು ಭಾವಿಸುವ ಮನೆಗಳಲ್ಲಿ ಮುಖ ಓದುವ ಯಂತ್ರ ಮತ್ತಷ್ಟು ಎಡವುತ್ತದೆ.

ಹಾಗಾದರೆ ಒಡನಾಡಿ ರೋಬಾಟ್ ಎಂಬುದೇ ವ್ಯರ್ಥ ಪ್ರಯತ್ನವೇ? ಹಾಗೆನ್ನಲಾಗದು. ಇದನ್ನು ಅರಿಯಲು ಜಪಾನಿನ ಎರಡು ಯಂತ್ರಗಳ ಕಥೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಮೊದಲನೆಯದು ಪೆಪ್ಪರ್. ಸಾಫ್ಟ್‌ಬ್ಯಾಂಕ್ ಸಂಸ್ಥೆಯ ಮಸಯೋಶಿ ಸೋನ್ 2014ರ ಜೂನ್‌ನಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದಾಗ, ಮನುಷ್ಯನ ಭಾವನೆಯನ್ನು ಓದಬಲ್ಲ ರೋಬಾಟ್ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಸುಮಾರು 120 ಸೆಂಟಿಮೀಟರ್ ಎತ್ತರ, ಬಿಳಿ ಮೈ, ದೊಡ್ಡ ಕಣ್ಣು, ಎದೆಯ ಮೇಲೊಂದು ಟ್ಯಾಬ್ಲೆಟ್. ಬೆಲೆ 1,98,000 ಯೆನ್. 2015ರ ಜೂನ್‌ನಲ್ಲಿ ಮಾರಾಟಕ್ಕಿಟ್ಟ ಮೊದಲ 1,000 ಯಂತ್ರಗಳು ಒಂದೇ ನಿಮಿಷದಲ್ಲಿ ಖರ್ಚಾದವು. ಆಮೇಲೆ ಉತ್ಸಾಹ ಇಳಿಯಿತು. ಅಂಗಡಿ, ಬ್ಯಾಂಕು, ವೃದ್ಧಾಶ್ರಮಗಳಲ್ಲಿ ಜನ ಅದರಿಂದ ನಿರೀಕ್ಷಿಸಿದ ಸಂಭಾಷಣೆ ಅದಕ್ಕೆ ಬರಲಿಲ್ಲ. ಸುಮಾರು 27,000 ಯಂತ್ರಗಳನ್ನು ತಯಾರಿಸಿದ ಮೇಲೆ 2020ರಲ್ಲಿ ಉತ್ಪಾದನೆ ನಿಂತಿತು. ಅದರ ವಿನ್ಯಾಸದ ಹಿಂದಿದ್ದ ಫ್ರಾನ್ಸಿನ ಅಲ್ಡೆಬರಾನ್ ಕಂಪನಿ 2025ರಲ್ಲಿ ದಿವಾಳಿಯೆದ್ದಿತು.

ಎರಡನೆಯದು ಪಾರೋ. ಜಪಾನಿನ ರಾಷ್ಟ್ರೀಯ ಕೈಗಾರಿಕಾ ವಿಜ್ಞಾನ ಸಂಸ್ಥೆಯ ತಕನೋರಿ ಶಿಬಾಟ 1993ರಲ್ಲಿ ಇದರ ಕೆಲಸ ಆರಂಭಿಸಿದರು. ಬೆಕ್ಕು ನಾಯಿಗಳ ರೂಪವನ್ನೂ ಅವರು ಪ್ರಯತ್ನಿಸಿ ನೋಡಿದ್ದರು. ಆದರೆ ಜನರಿಗೆ ನಿಜವಾದ ಬೆಕ್ಕು ನಾಯಿಗಳ ನಡವಳಿಕೆ ಚೆನ್ನಾಗಿ ಗೊತ್ತು. ಹೋಲಿಸಿ ನೋಡಿ ನಿರಾಶರಾಗುತ್ತಿದ್ದರು. ಹೀಗಾಗಿ ಅವರು ಆರಿಸಿಕೊಂಡದ್ದು ಹೆಚ್ಚಿನವರು ಎಂದೂ ಎತ್ತಿಕೊಂಡಿರದ ಸೀಲ್ ಮರಿಯ ರೂಪವನ್ನು. ಮೆತ್ತನೆಯ ಬಿಳಿ ತುಪ್ಪಳ, ಕೂಸಿನಂತೆ ತೋಳಲ್ಲಿ ಹಿಡಿಯಬಹುದಾದಷ್ಟು, ಎರಡೂವರೆ ಕಿಲೋ ದಾಟುವ ತೂಕ. ಅದು ಮಾತಾಡುವುದಿಲ್ಲ. ಸವರಿದರೆ ಕಣ್ಣು ಮುಚ್ಚಿ ತೆರೆಯುತ್ತದೆ, ಕರೆದರೆ ತಲೆ ತಿರುಗಿಸುತ್ತದೆ, ಮರಿಯಂತೆ ಕೂಗುತ್ತದೆ, ಅಷ್ಟೇ. 2005ರಲ್ಲಿ ಮಾರುಕಟ್ಟೆಗೆ ಬಂದ ಪಾರೋವನ್ನು 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ವೈದ್ಯಕೀಯ ಸಾಧನದ ವರ್ಗಕ್ಕೆ ಸೇರಿಸಿತು. ಅನೇಕ ದೇಶಗಳ ಮರೆವಿನ ರೋಗಿಗಳ ಆರೈಕೆ ಕೇಂದ್ರಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಹೆಚ್ಚು ಹೇಳಿಕೊಂಡ ಯಂತ್ರ ಸೋತಿತು, ಕಡಿಮೆ ಹೇಳಿಕೊಂಡದ್ದು ಉಳಿಯಿತು. ಇದು ಕಾಕತಾಳೀಯವಲ್ಲ. ಪಾರೋ ಯಾರ ಮನಸ್ಸನ್ನೂ ಅರಿತವನಂತೆ ನಟಿಸುವುದಿಲ್ಲ. ಅದು ಮನುಷ್ಯನಿಗೆ ಕಾಳಜಿ ತೋರಿಸುವ ಬದಲು ಮನುಷ್ಯನಿಂದ ಕಾಳಜಿ ಬೇಡುತ್ತದೆ. ಎಲ್ಲರಿಂದ ಸೇವೆ ಪಡೆದು ಪಡೆದು ತಾನು ಯಾರಿಗೂ ಬೇಡವಾದೆನೇನೋ ಎಂದುಕೊಂಡ ವೃದ್ಧೆಗೆ, ತಾನೂ ಒಂದು ಜೀವವನ್ನು ಸಲಹುತ್ತಿದ್ದೇನೆ ಎಂಬ ಭಾವ ಕೊಡುತ್ತದೆ. 2019ರಲ್ಲಿ ಜಪಾನಿನಲ್ಲೇ ಬಂದ ‘ಲೋವೋಟ್’ ಕೂಡ ಇದೇ ಹಾದಿಯದು. ಅದಕ್ಕೆ ಮಾತಿಲ್ಲ, ಮೈ ಬೆಚ್ಚಗಿರುತ್ತದೆ, ಎತ್ತಿಕೋ ಎಂದು ಕೈ ಚಾಚುತ್ತದೆ.

ಆದರೆ ಪಾರೋವಿನ ಗುಣಗಾನದಲ್ಲೂ ಮಿತಿಯಿರಬೇಕು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ವೆಂಡಿ ಮೊಯ್ಲ್ ನೇತೃತ್ವದ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮಹತ್ವದ್ದು. 28 ಆರೈಕೆ ಕೇಂದ್ರಗಳ 415 ಮರೆವಿನ ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ವಾರಕ್ಕೆ 3 ಬಾರಿ, 15 ನಿಮಿಷ, 10 ವಾರಗಳ ಕಾಲ ಪಾರೋವನ್ನು ಕೊಟ್ಟರು. ಇನ್ನೊಂದು ಗುಂಪಿಗೆ ಅದೇ ಪಾರೋ, ಆದರೆ ಯಂತ್ರಭಾಗ ನಿಷ್ಕ್ರಿಯಗೊಳಿಸಿದ ಬರೀ ಬೊಂಬೆ. ಮೂರನೆಯ ಗುಂಪಿಗೆ ಎಂದಿನ ಆರೈಕೆ ಮಾತ್ರ. ಚಾಲೂ ಇದ್ದ ಪಾರೋವಿನೊಂದಿಗೆ ರೋಗಿಗಳು ಹೆಚ್ಚು ಮಾತಾಡಿದರು, ಅದನ್ನು ಹೆಚ್ಚು ದಿಟ್ಟಿಸಿದರು. ಎಂದಿನ ಆರೈಕೆಗಿಂತ ಅದರಿಂದ ಹೆಚ್ಚು ಉಲ್ಲಾಸವೂ ಕಂಡಿತು. ಆದರೆ ತಳಮಳ ತಗ್ಗಿಸುವ ವಿಷಯದಲ್ಲಿ ಮೂಕ ಬೊಂಬೆಗಿಂತ ಅದು ಬಹಳ ಮುಂದೇನೂ ಇರಲಿಲ್ಲ. ಸಾಂತ್ವನದ ಒಂದು ದೊಡ್ಡ ಪಾಲು ಮೆತ್ತನೆಯದೊಂದನ್ನು ತೋಳಲ್ಲಿ ಹಿಡಿಯುವುದರಲ್ಲೇ ಇದೆ, ಅದಕ್ಕೆ ಗಣಕದ ಬುದ್ಧಿ ಬೇಕಿಲ್ಲ ಎಂದಂತಾಯಿತು.

ರೋಬಾಟ್ ಬಂದರೆ ಆರೈಕೆ ಮಾಡುವವರ ಹೊರೆ ಇಳಿಯುತ್ತದೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಜನಸಂಖ್ಯೆಯ ಶೇ 29ರಷ್ಟು ಮಂದಿ 65 ದಾಟಿರುವ ಜಪಾನಿನಲ್ಲಿ ಈ ನಂಬಿಕೆಗೆ ಸರ್ಕಾರದ ಹಣವೂ ಹರಿದಿದೆ. ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಇದ್ದು ನೋಡಿದ ಸಂಶೋಧಕ ಜೇಮ್ಸ್ ರೈಟ್ 2023ರ ತಮ್ಮ ಪುಸ್ತಕದಲ್ಲಿ ಬೇರೆಯೇ ಚಿತ್ರ ಕೊಡುತ್ತಾರೆ. ಯಂತ್ರಗಳನ್ನು ಹೊತ್ತು ತರಲು, ಒರೆಸಿಡಲು, ಚಾರ್ಜ್ ಮಾಡಲು, ಬಳಕೆಯಲ್ಲಿದ್ದಾಗ ಕಾವಲಿರಲು ಸಿಬ್ಬಂದಿಯೇ ಬೇಕಾಯಿತು. ವ್ಯಾಯಾಮ ಹೇಳಿಕೊಡುವ ಪೆಪ್ಪರ್ ಪಕ್ಕದಲ್ಲಿ ಆರೈಕೆದಾರರೊಬ್ಬರು ನಿಂತು ಅದರ ಚಲನೆಯನ್ನು ತಾವೂ ಮಾಡಿ ತೋರಿಸಬೇಕಾಯಿತು. ಪಾರೋವನ್ನು ಹಚ್ಚಿಕೊಂಡ ವೃದ್ಧೆಯೊಬ್ಬರು ಅದಿಲ್ಲದೆ ಊಟಕ್ಕೂ ನಿದ್ದೆಗೂ ಒಲ್ಲೆನೆನ್ನುವಂತಾಗಿ, ಅವರ ಮೇಲೆ ಕಣ್ಣಿಡುವುದೇ ಇನ್ನೊಂದು ಕೆಲಸವಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಎದುರು ಪಕ್ಷದ ಮಾತಿಗೆ ಕಿವಿಗೊಡದಿರುವುದು ನ್ಯಾಯವಲ್ಲ. ರೋಬಾಟನ್ನು ಹೋಲಿಸಬೇಕಾದದ್ದು ಆದರ್ಶ ಮಗಳೊಂದಿಗೆ ಅಲ್ಲ, ಖಾಲಿ ಕೋಣೆಯೊಂದಿಗೆ ಎಂದು ಅದರ ಪರವಾಗಿರುವವರು ವಾದಿಸುತ್ತಾರೆ. ಮಾತಿಗೆ ತೂಕವಿದೆ. ಮರೆವಿನ ರೋಗಿ ‘ಅವರು ಎಷ್ಟು ಹೊತ್ತಿಗೆ ಬರ್ತಾರೆ?’ ಎಂದು ಇಪ್ಪತ್ತನೆಯ ಬಾರಿ ಕೇಳಿದಾಗ, ರಾತ್ರಿಯಿಡೀ ನಿದ್ದೆಗೆಟ್ಟ ಮನೆಯವರು ಸಿಡುಕುವುದು ಸಹಜ. ಯಂತ್ರ ಸಿಡುಕುವುದಿಲ್ಲ. ನಡುರಾತ್ರಿ ಎರಡು ಗಂಟೆಗೆ ಎಚ್ಚರಾದ ಒಂಟಿ ವೃದ್ಧರಿಗೆ ಫೋನ್ ಮಾಡಲು ಯಾರಿದ್ದಾರೆ? ಆರೈಕೆ ಎಂಬುದು ಬಹುಮಟ್ಟಿಗೆ ಹೆಂಗಸರ ತಲೆಯ ಮೇಲೇ ಬೀಳುವ ನಮ್ಮ ಸಮಾಜದಲ್ಲಿ, ಅವರಿಗೆ ಒಂದು ಗಂಟೆಯ ಬಿಡುವು ಸಿಗುವುದಾದರೆ ಅದನ್ನು ಹೀಗಳೆಯುವ ಹಕ್ಕು, ಆ ಹೊರೆ ಹೊರದವರಿಗೆ ಇಲ್ಲ. ಯಂತ್ರ ಬೇಡವೇ ಬೇಡ ಎನ್ನುವುದು ಸುಲಭದ ನೈತಿಕತೆ. ಎಂಥ ಯಂತ್ರ, ಯಾವ ಕರಾರಿನ ಮೇಲೆ ಎಂಬುದೇ ಕಷ್ಟದ ಪ್ರಶ್ನೆ.

ಆ ಪ್ರಶ್ನೆ ಈಗ ತುರ್ತಿನದಾಗಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಯಂತ್ರಗಳಿಗೆ ಸರಾಗವಾದ ಮಾತು ದೊರೆತಿದೆ. ಪೆಪ್ಪರ್‌ಗೆ ಇಲ್ಲದಿದ್ದ ನಾಲಿಗೆ ಮುಂದಿನ ಪೀಳಿಗೆಯ ರೋಬಾಟ್‌ಗಳಿಗೆ ಇರುತ್ತದೆ. ಭಾವನೆಯನ್ನು ಅರಿಯುವ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಬೆಳೆದಿದೆಯೆಂದಲ್ಲ. ಅರಿತಂತೆ ಮಾತಾಡುವ ಶಕ್ತಿ ಬೆಳೆದಿದೆ. ಎಲೈಜಾ ಕಾಲದ ಭ್ರಮೆಗೆ ಈಗ ನೂರ್ಮಡಿ ಬಲ. ಎಲ್ಲಕ್ಕೂ ಹೂಂಗುಟ್ಟುವ, ಎಂದೂ ಮುನಿಯದ, ಎಂದೂ ತನ್ನ ಕಷ್ಟ ಹೇಳಿಕೊಳ್ಳದ ಜೊತೆಗಾರನ ಅಭ್ಯಾಸವಾದವರಿಗೆ, ಮುನಿಯುವ ಮತ್ತು ಕಷ್ಟ ಹೇಳಿಕೊಳ್ಳುವ ಮನುಷ್ಯರು ಭಾರವೆನಿಸತೊಡಗಿದರೆ ಆಶ್ಚರ್ಯವಿಲ್ಲ. ಬಳಕೆದಾರ ಯಂತ್ರದೊಂದಿಗೆ ಎಷ್ಟು ಹೊತ್ತು ಕಳೆದ ಎಂಬುದರ ಮೇಲೆಯೇ ಲಾಭ ನಿಂತಿದ್ದರೆ, ಒಂಟಿತನ ಕಡಿಮೆಯಾಗುವುದು ಕಂಪನಿಗೆ ನಷ್ಟದ ಬಾಬತ್ತು.

ಇನ್ನು ದತ್ತಾಂಶದ ಪ್ರಶ್ನೆ. ಭಾವನೆಯನ್ನು ಗುರುತಿಸಬೇಕಾದ ಯಂತ್ರ ಸದಾ ನೋಡುತ್ತಿರಬೇಕು, ಸದಾ ಕೇಳುತ್ತಿರಬೇಕು. ಅದು ಕೂರುವುದು ಮಲಗುವ ಕೋಣೆಯಲ್ಲಿ. ಯಾರು ಯಾವ ದಿನ ಅತ್ತರು, ಯಾವ ಮಾತಿಗೆ ದನಿ ನಡುಗಿತು, ಯಾವ ಮಗನ ಹೆಸರೆತ್ತಿದರೆ ಸಿಟ್ಟು ಬರುತ್ತದೆ ಎಂಬ ವಿವರಗಳು ವಿಮಾ ಕಂಪನಿಗೋ, ಸಾಲ ಕೊಡುವವರಿಗೋ, ಆಸ್ತಿಯ ಮೇಲೆ ಕಣ್ಣಿಟ್ಟ ಬಂಧುಗಳಿಗೋ ಸಿಕ್ಕರೆ ಆಗಬಹುದಾದುದನ್ನು ಊಹಿಸಲು ದೊಡ್ಡ ಕಲ್ಪನಾಶಕ್ತಿ ಬೇಡ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆಯು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಉದ್ಯೋಗದ ಸ್ಥಳ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಯಂತ್ರದಿಂದ ಭಾವನೆ ಊಹಿಸುವುದನ್ನು 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ಆದರೆ ಮನೆಯೊಳಗಿನ ಒಡನಾಡಿ ಈ ನಿಷೇಧದ ಹೊರಗೇ ಉಳಿದಿದ್ದಾನೆ.

ನಮ್ಮಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ತೀರ್ಪಿನ ಆಶಯವನ್ನು ಅರ್ಧದಷ್ಟೇ ಮುಟ್ಟಿದೆ. ಮಕ್ಕಳ ವರ್ತನೆಯ ಮೇಲೆ ನಿಗಾ ಇಡುವುದಕ್ಕೆ ಅದು ತಡೆ ಹಾಕಿದೆ, ಸಂತೋಷ. ಆದರೆ 2019ರ ಮಸೂದೆಯಲ್ಲಿದ್ದ ‘ಸೂಕ್ಷ್ಮ ವೈಯಕ್ತಿಕ ದತ್ತಾಂಶ’ ಎಂಬ ಪ್ರತ್ಯೇಕ ವರ್ಗವನ್ನೇ ಕೈಬಿಟ್ಟಿದೆ. ನಮ್ಮ ಫೋನ್ ನಂಬರಿಗೂ ನಮ್ಮ ಕಣ್ಣೀರಿಗೂ ಆ ಕಾಯ್ದೆಯಲ್ಲಿ ಒಂದೇ ತಕ್ಕಡಿ. ಒಪ್ಪಿಗೆಯೇ ಅದರ ಮುಖ್ಯ ಆಧಾರ. ಮರೆವಿನ ರೋಗಿಯ ಒಪ್ಪಿಗೆಗೆ ಅರ್ಥವೇನು ಎಂಬುದು ಬಗೆಹರಿಯದ ಪ್ರಶ್ನೆ.

ಯಂತ್ರದ ಸಾವಿನ ವಿಚಾರಕ್ಕೆ ಮರಳಿ ಬರೋಣ. ಮಾಕ್ಸಿ ಮೊದಲನೆಯದಲ್ಲ. ಕಿಸ್ಮೆಟ್ ನಿರ್ಮಿಸಿದ ಬ್ರೆಜೀಲ್ ಅವರೇ ಮುಂದೆ ‘ಜಿಬೊ’ ಎಂಬ ಮನೆಬಳಕೆಯ ರೋಬಾಟನ್ನು ಹೊರತಂದರು. 2014ರಲ್ಲಿ ಜನರಿಂದಲೇ ಮುಂಗಡ ಹಣ ಸಂಗ್ರಹಿಸಿ, 2017ರಲ್ಲಿ ಮನೆಗಳಿಗೆ ತಲುಪಿದ ಅದು 2019ರಲ್ಲಿ ತನ್ನ ಸರ್ವರ್ ಮುಚ್ಚಲಿರುವುದನ್ನು ತಾನೇ ಒಡೆಯರಿಗೆ ತಿಳಿಸಿ ವಿದಾಯ ಹೇಳಿತು. ಸೋನಿ ಕಂಪನಿ 1999ರಲ್ಲಿ ತಂದ ನಾಯಿ ರೋಬಾಟ್ ‘ಐಬೊ’ದ ತಯಾರಿಕೆ 2006ರಲ್ಲಿ, ದುರಸ್ತಿ ಸೇವೆ 2014ರಲ್ಲಿ ನಿಂತವು. ಕೆಟ್ಟುಹೋದ ಐಬೊಗಳಿಗೆ ಜಪಾನಿನ ಚಿಬಾ ಪ್ರಾಂತ್ಯದ ಬೌದ್ಧ ದೇಗುಲವೊಂದರಲ್ಲಿ 2015ರಿಂದ ಸಾಮೂಹಿಕವಾಗಿ ಅಂತ್ಯವಿಧಿ ನಡೆಸಲಾಯಿತು. ಇದನ್ನು ಕೇಳಿ ನಗುವವರಿದ್ದಾರೆ. ಆಯುಧಪೂಜೆಯ ದಿನ ವಾಹನಕ್ಕೆ ಕುಂಬಳಕಾಯಿ ಒಡೆಯುವ ನಾವು ನಗಬೇಕಾದ್ದಿಲ್ಲ. ಯಂತ್ರಕ್ಕೆ ಜೀವವಿಲ್ಲದಿರಬಹುದು, ಅದನ್ನು ಕಳೆದುಕೊಂಡವರ ದುಃಖಕ್ಕೆ ಜೀವವಿದೆ.

ಹಾಗಾದರೆ ಒಳ್ಳೆಯ ವಿನ್ಯಾಸ ಯಾವುದು? ಮೊದಲನೆಯದಾಗಿ, ಯಂತ್ರ ತನ್ನ ಊಹೆಯನ್ನು ಊಹೆಯೆಂದೇ ಹೇಳಬೇಕು. ‘ನೀವು ದುಃಖದಲ್ಲಿದ್ದೀರಿ’ ಎಂದು ತೀರ್ಪು ಕೊಡುವ ಬದಲು ‘ಹೇಗಿದ್ದೀರಿ?’ ಎಂದು ಕೇಳುವುದು ಹೆಚ್ಚು ವಿನಯದ್ದು, ಹೆಚ್ಚು ವೈಜ್ಞಾನಿಕವಾದದ್ದು ಕೂಡ. ತನಗೂ ದುಃಖವಾಯಿತೆಂದು ಅದು ಸುಳ್ಳಾಡಬಾರದು. ಎರಡನೆಯದಾಗಿ, ಅದರ ರೂಪ ಅದರ ಸಾಮರ್ಥ್ಯಕ್ಕೆ ತಕ್ಕಂತಿರಬೇಕು. ನ್ಯೂಯಾರ್ಕ್ ರಾಜ್ಯದ ವೃದ್ಧರ ಇಲಾಖೆ 2022ರಲ್ಲಿ 800ಕ್ಕೂ ಹೆಚ್ಚು ಹಿರಿಯರ ಮನೆಗಳಿಗೆ ಕೊಡಲು ನಿರ್ಧರಿಸಿದ ‘ಎಲಿಕ್ಯು’ ಮನುಷ್ಯನಂತಿಲ್ಲ, ಮೇಜಿನ ದೀಪದಂತಿದೆ. ಅದನ್ನು ಮನುಷ್ಯನೆಂದು ಯಾರೂ ತಪ್ಪು ತಿಳಿಯಲಾರರು. ಮೂರನೆಯದಾಗಿ, ಮುಖ ಮತ್ತು ದನಿಯ ವಿವರ ಯಂತ್ರದೊಳಗೇ ಸಂಸ್ಕರಣೆಗೊಂಡು ಅಲ್ಲಿಯೇ ಅಳಿಯಬೇಕು. ನಾಲ್ಕನೆಯದಾಗಿ, ಕಂಪನಿ ಮುಚ್ಚಿದರೂ ಯಂತ್ರ ನಡೆಯುವಂತಿರಬೇಕು. ಮಾಕ್ಸಿಯನ್ನು ಮನೆಯ ಕಂಪ್ಯೂಟರಿನಿಂದಲೇ ನಡೆಸುವ ತಂತ್ರಾಂಶವನ್ನು ಎಂಬಾಡೀಡ್ ಕೊನೆಗಳಿಗೆಯಲ್ಲಿ ಬಿಡುಗಡೆ ಮಾಡಿತು. ಮಾರುವ ದಿನವೇ ಇಂಥ ಏರ್ಪಾಡನ್ನು ಕಾನೂನು ಕಡ್ಡಾಯಗೊಳಿಸಬೇಕು. ಕೊನೆಯದಾಗಿ, ಮನುಷ್ಯರೊಂದಿಗೆ ಸಂಪರ್ಕ ಹೆಚ್ಚಿತೇ ಎಂಬುದೇ ಅದರ ಯಶಸ್ಸಿನ ಅಳತೆಗೋಲಾಗಬೇಕು. ‘ನಾಲ್ಕು ದಿನದಿಂದ ನೀವು ಯಾರೊಡನೆಯೂ ಮಾತಾಡಿಲ್ಲ, ತಂಗಿಗೊಂದು ಫೋನ್ ಮಾಡೋಣವೇ?’ ಎನ್ನುವ ಯಂತ್ರ ಒಡನಾಡಿ. ‘ನಾನಿದ್ದೇನಲ್ಲ’ ಎನ್ನುವುದು ಅಲ್ಲ.

ಈ ಚರ್ಚೆ ನಮಗೆ ದೂರದ್ದೇನಲ್ಲ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಮಕ್ಕಳು ಹೊರದೇಶಕ್ಕೋ ಬೆಂಗಳೂರಿಗೋ ಹೋಗಿ, ದೊಡ್ಡ ಮನೆಯಲ್ಲಿ ಹಿರಿಯರಿಬ್ಬರು, ಆಮೇಲೆ ಒಬ್ಬರೇ, ಉಳಿದಿರುವ ದೃಶ್ಯ ನಮ್ಮ ಊರುಗಳಲ್ಲಿ ಅಪರೂಪವಲ್ಲ. ತಂದೆತಾಯಿಯರ ಪೋಷಣೆಗಾಗಿ 2007ರಲ್ಲಿ ಕಾಯ್ದೆಯನ್ನೇ ಮಾಡಬೇಕಾಗಿ ಬಂದ ದೇಶ ನಮ್ಮದು. ಜೀವನಾಂಶವನ್ನು ಕಾಯ್ದೆ ಕೊಡಿಸಬಲ್ಲದು, ಮಾತುಕತೆಯನ್ನು ಕೊಡಿಸಲಾರದು. ಆ ಕೊರತೆಯ ಜಾಗಕ್ಕೆ ಒಡನಾಡಿ ಯಂತ್ರದ ವ್ಯಾಪಾರಿಗಳು ಬಂದೇ ಬರುತ್ತಾರೆ. ದೂರದಲ್ಲಿರುವ ಮಕ್ಕಳ ಅಪರಾಧಿ ಪ್ರಜ್ಞೆ ಅವರ ಮೊದಲ ಗಿರಾಕಿಯಾಗುತ್ತದೆ.

ಅವರು ಬರುವ ಮುನ್ನ ಸಿದ್ಧತೆ ಆಗಬೇಕು. ಭಾವನೆಯ ದತ್ತಾಂಶಕ್ಕೆ ವಿಶೇಷ ರಕ್ಷಣೆ ಕೊಡುವಂತೆ 2023ರ ಕಾಯ್ದೆಗೆ ತಿದ್ದುಪಡಿ ಬೇಕು. ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಇಂಥ ಯಂತ್ರ ಬಳಸುವ ಮುನ್ನ ಸ್ವತಂತ್ರ ಪರೀಕ್ಷೆ ನಡೆಯಬೇಕು. ಆಸ್ಟ್ರೇಲಿಯಾದ ಅಧ್ಯಯನದಂತೆ, ಬರೀ ಬೊಂಬೆಗಿಂತ ಇದು ಎಷ್ಟು ಮೇಲು ಎಂದು ಕೇಳುವ ಧೈರ್ಯ ಆ ಪರೀಕ್ಷೆಗಿರಬೇಕು. ಯಂತ್ರದ ಖರೀದಿಗೆ ಹಣ ತೆಗೆದಿಡುವ ಆಡಳಿತ, ಆರೈಕೆದಾರರ ಸಂಬಳ ಮತ್ತು ತರಬೇತಿಗೆ ಅದಕ್ಕಿಂತ ಮೊದಲು ಹಣ ತೆಗೆದಿಡಬೇಕು. ಬೆಂಗಳೂರಿನ ಎಂಜಿನಿಯರುಗಳು ಇಂಥ ಯಂತ್ರಗಳನ್ನು ನಾಳೆ ತಾವೇ ರೂಪಿಸಬಹುದು. ಮನುಷ್ಯರ ಮುಖವನ್ನು ಇನ್ನಷ್ಟು ನಿಖರವಾಗಿ ಅಳೆಯುವುದು ಹೇಗೆಂಬ ಪ್ರಶ್ನೆಯ ಜೊತೆಗೆ, ಅಳೆಯದೆ ಬಿಡಬೇಕಾದದ್ದು ಯಾವುದು ಎಂಬ ಪ್ರಶ್ನೆಯನ್ನೂ ಅವರು ನಕ್ಷೆ ಹಾಕುವ ಮೊದಲ ದಿನವೇ ಕೇಳಿಕೊಳ್ಳಲಿ. ಯಂತ್ರ ಮನೆಗೆ ಬಂದ ಮೇಲೆ ಕೇಳುವುದಕ್ಕೆ ತಡವಾಗಿರುತ್ತದೆ.